ನಕ್ಷೆಯ ಮೇಜಿನಿಂದ ಸಾರುವೆಯವರೆಗೆ: ನಿರ್ಮಾಣ ಸ್ಥಳದ ಸುರಕ್ಷತೆ ಯಾರ ಹೊಣೆ?

ಕಾರ್ಖಾನೆಯಲ್ಲಿ ಯಂತ್ರಗಳು ಒಂದೆಡೆ ನೆಲೆನಿಂತಿರುತ್ತವೆ, ಕೆಲಸಗಾರರು ಬಹುಮಟ್ಟಿಗೆ ಒಂದೇ ಆಡಳಿತದ ಕೈಕೆಳಗಿರುತ್ತಾರೆ, ಇಂದಿನ ಅಪಾಯ ನಾಳೆಯೂ ಅದೇ ಜಾಗದಲ್ಲಿರುತ್ತದೆ. ಆದ್ದರಿಂದ ಅದನ್ನು ಒಮ್ಮೆ ಗುರುತಿಸಿ ತಡೆ ಹಾಕಿದರೆ ಆ ತಡೆ ಬಹುಕಾಲ ಉಪಯೋಗಕ್ಕೆ ಬರುತ್ತದೆ. ಕಟ್ಟಡ ನಿರ್ಮಾಣದ ಸ್ಥಳಕ್ಕೆ ಈ ಅನುಕೂಲವಿಲ್ಲ. ಅಲ್ಲಿ ನಿನ್ನೆ ಜನ ಓಡಾಡಿದ ದಾರಿ ಇಂದು ಪಾಯದ ಗುಂಡಿಯಾಗಿರುತ್ತದೆ. ಮಣ್ಣು ಅಗೆಯುವ ತಂಡ ಹೋಗಿ ಕಂಬಿ ಕಟ್ಟುವವರು ಬರುತ್ತಾರೆ, ಅವರ ಬೆನ್ನಿಗೇ ಸೆಂಟ್ರಿಂಗ್‌ನವರು, ಗಾರೆಯವರು, ಕೊಳಾಯಿ ಮತ್ತು ವಿದ್ಯುತ್ ಕೆಲಸದವರು ಬರುತ್ತಾರೆ, ಮತ್ತು ಪ್ರತಿಯೊಂದು ತಂಡಕ್ಕೂ ಬೇರೆ ಮೇಸ್ತ್ರಿ, ಬೇರೆ ಬಟವಾಡೆ, ಬೇರೆ ಅವಸರ ಇರುತ್ತವೆ. ಇವರೆಲ್ಲರ ಮೇಲೆ ಮುಖ್ಯ ಗುತ್ತಿಗೆದಾರ, ಎಂಜಿನಿಯರ್, ವಾಸ್ತುಶಿಲ್ಪಿ, ಹಣ ಹೂಡಿದ ಮಾಲೀಕ ಮತ್ತು ಪರವಾನಗಿ ಕೊಟ್ಟ ಸ್ಥಳೀಯ ಸಂಸ್ಥೆ ಇದ್ದಾರೆ. ಇಷ್ಟು ಕೈಗಳು ಸೇರುವ ಕೆಲಸದಲ್ಲಿ ಅನಾಹುತವಾದಾಗ ಹೊಣೆಯ ಹುಡುಕಾಟ ಮೇಲಿನಿಂದ ಕೆಳಗಿಳಿಯುತ್ತಾ ಹೋಗಿ, ಎಷ್ಟೋ ಸಲ ಸತ್ತವನ ಬಳಿಯೇ ನಿಂತುಬಿಡುತ್ತದೆ. ಬೆಲ್ಟ್ ಕಟ್ಟಿಕೊಂಡಿರಲಿಲ್ಲ, ಹೆಲ್ಮೆಟ್ ಹಾಕಿರಲಿಲ್ಲ, ಹೇಳಿದ ಮಾತು ಕೇಳಲಿಲ್ಲ ಎಂಬ ಉತ್ತರಗಳು ಸಿಕ್ಕೊಡನೆ ಪ್ರಕರಣ ಅರ್ಥವಾಯಿತೆಂದು ಎಲ್ಲರೂ ಭಾವಿಸುತ್ತಾರೆ.

ಸುರಕ್ಷತೆ ಎಲ್ಲರ ಹೊಣೆ ಎಂಬ ಫಲಕ ದೊಡ್ಡ ನಿರ್ಮಾಣ ಸ್ಥಳಗಳ ಹೆಬ್ಬಾಗಿಲಲ್ಲಿ ಈಗ ಸಾಮಾನ್ಯವಾಗಿ ಕಾಣುತ್ತದೆ. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗದೆ ಉಳಿಯುವ ಅಪಾಯ ಆ ಮಾತಿನಲ್ಲೇ ಇದೆ; ಅದನ್ನು ತಪ್ಪಿಸಬೇಕಾದರೆ ಹೊಣೆಯನ್ನು ಹಂಚುವುದಕ್ಕೆ ಒಂದು ಅಳತೆ ಬೇಕು. ತೀರ್ಮಾನಿಸುವ ಅಧಿಕಾರ ಯಾರಿಗೆ ಎಷ್ಟಿದೆಯೋ ಹೊಣೆಯೂ ಅವರಿಗೆ ಅಷ್ಟೇ ಇರಬೇಕು ಎಂಬುದೇ ಆ ಅಳತೆ. ಕಟ್ಟಡದ ಗಡುವನ್ನೂ ಹಣವನ್ನೂ ನಿರ್ಧರಿಸುವವನು ಮಾಲೀಕ, ಅದರ ಆಕಾರವನ್ನು ನಿರ್ಧರಿಸುವವರು ವಿನ್ಯಾಸಕಾರರು, ಯಾವ ಕೆಲಸದ ಹಿಂದೆ ಯಾವುದು ನಡೆಯಬೇಕೆಂದು ಹೇಳುವವನು ಗುತ್ತಿಗೆದಾರ. ಹದಿನೈದು ಅಡಿ ಎತ್ತರದ ಹಲಗೆಯ ಮೇಲೆ ನಿಂತವನಿಗೆ ಇವುಗಳಲ್ಲಿ ಯಾವುದನ್ನೂ ಬದಲಾಯಿಸುವ ಶಕ್ತಿಯಿಲ್ಲ.

ಕರ್ನಾಟಕದ ಇತ್ತೀಚಿನ ದುರಂತಗಳು ಈ ಮಾತಿಗೆ ಸಾಕಷ್ಟು ಆಧಾರ ಒದಗಿಸುತ್ತವೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಮೇಲೆ ಕಟ್ಟುವ ಕೆಲಸ ಇನ್ನೂ ಸಾಗಿದ್ದಾಗಲೇ ಕೆಳಗೆ ಅಂಗಡಿಗಳು ನಡೆಯುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ನೆಲಸಮವಾಗಿ ಹಲವು ಕಾರ್ಮಿಕರು ಅವಶೇಷಗಳಡಿ ಪ್ರಾಣ ಕಳೆದುಕೊಂಡರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ಎತ್ತಿ ನಿಲ್ಲಿಸಿದ್ದ ಕಬ್ಬಿಣದ ಹಂದರ ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಆಕೆಯ ಪುಟ್ಟ ಮಗ ಸತ್ತರು. ಈ ಮೂರರಲ್ಲಿ ಯಾವುದನ್ನೂ ಹೆಲ್ಮೆಟ್ ತಡೆಯಲಾರದು. ಮಹಡಿಗಳ ಸಂಖ್ಯೆ, ಕಂಬಗಳ ಬಲ, ಅರೆಬರೆ ಕಟ್ಟಡದಲ್ಲಿ ವ್ಯಾಪಾರಕ್ಕೆ ಕೊಟ್ಟ ಅವಕಾಶ, ಜನ ಓಡಾಡುವ ರಸ್ತೆಯ ಅಂಚಿನಲ್ಲಿ ಎತ್ತರದ ಹಂದರವನ್ನು ಎಳೆದು ಕಟ್ಟುವ ಕ್ರಮ ಇವೆಲ್ಲ ಕಾರ್ಮಿಕ ಕೆಲಸಕ್ಕೆ ಇಳಿಯುವ ಮೊದಲೇ ಬೇರೆಯವರ ಕೈಯಲ್ಲಿ ತೀರ್ಮಾನವಾಗುವ ಸಂಗತಿಗಳು.

ಈ ತಿಳಿವಳಿಕೆ ಜಗತ್ತಿಗೆ ಹೊಸದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1988ರಲ್ಲಿ ಅಂಗೀಕರಿಸಿದ, ನಿರ್ಮಾಣ ಕೆಲಸದ ಸುರಕ್ಷತೆಗೆ ಸಂಬಂಧಿಸಿದ 167ನೆಯ ಒಡಂಬಡಿಕೆಯು ಒಂದೇ ಸ್ಥಳದಲ್ಲಿ ಹಲವು ಉದ್ಯೋಗದಾತರು ಇದ್ದಾಗ ಅವರ ಕೆಲಸಗಳನ್ನು ಹೊಂದಿಸುವ ಹೊಣೆಯನ್ನು ಮುಖ್ಯ ಗುತ್ತಿಗೆದಾರನಿಗೆ ವಹಿಸಿತು ಮತ್ತು ಯೋಜನೆ ರೂಪಿಸುವವರೂ ವಿನ್ಯಾಸ ಮಾಡುವವರೂ ಕಾರ್ಮಿಕರ ಸುರಕ್ಷತೆಯನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳಿತು. 1992ರಲ್ಲಿ ಯುರೋಪಿನ ರಾಷ್ಟ್ರಗಳ ಸಮುದಾಯ ಹೊರಡಿಸಿದ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿನ ನಿರ್ಮಾಣ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಹಿಂದೆ ಸಿದ್ಧತೆಯ ಹಂತದ ದೋಷಗಳು, ಎಂದರೆ ಸರಿಯಿಲ್ಲದ ವಿನ್ಯಾಸ, ಸಂಘಟನೆ ಅಥವಾ ಯೋಜನೆ, ಕೆಲಸ ಮಾಡಿವೆ ಎಂದು ತನ್ನ ಪೀಠಿಕೆಯಲ್ಲೇ ದಾಖಲಿಸಿತು. ಆ ನಿರ್ದೇಶನವನ್ನು ಅನುಸರಿಸಿ ಬ್ರಿಟನ್ 1994ರಲ್ಲಿ ರೂಪಿಸಿ, 2007ರಲ್ಲೂ 2015ರಲ್ಲೂ ಪರಿಷ್ಕರಿಸಿದ ನಿಯಮಗಳು ಕಟ್ಟಿಸುವ ಮಾಲೀಕನಿಗೂ ವಿನ್ಯಾಸಕಾರನಿಗೂ ಕಾನೂನಿನ ಕರ್ತವ್ಯಗಳನ್ನು ಗೊತ್ತುಪಡಿಸಿದವು. ಕೆಲಸಕ್ಕೆ ತಕ್ಕಷ್ಟು ಸಮಯವನ್ನೂ ಹಣವನ್ನೂ ಒದಗಿಸುವುದು ಅಲ್ಲಿ ಮಾಲೀಕನ ಔದಾರ್ಯವಲ್ಲ, ಕರ್ತವ್ಯ. ಇದೇ ಚೌಕಟ್ಟಿನಲ್ಲಿ ನಡೆದ 2012ರ ಲಂಡನ್ ಒಲಿಂಪಿಕ್ ಪಾರ್ಕ್‌ನ ಬೃಹತ್ ನಿರ್ಮಾಣ ಒಬ್ಬ ಕಾರ್ಮಿಕನೂ ಅಪಘಾತದಲ್ಲಿ ಸಾಯದೆ ಮುಗಿಯಿತು. ಸಾವುಗಳಿಲ್ಲದೆ ದೊಡ್ಡ ಕಟ್ಟಡ ಏಳುವುದಿಲ್ಲ ಎಂಬ ಹಳೆಯ ಸಮಾಧಾನಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ವಿನ್ಯಾಸದ ಮೇಜಿನ ಮೇಲೆ ಜೀವ ಉಳಿಯುವುದು ಹೇಗೆ ಎಂಬುದಕ್ಕೆ ಲಿಫ್ಟ್ ಗುಂಡಿ ಒಳ್ಳೆಯ ಉದಾಹರಣೆ. ಪ್ರತಿ ಮಹಡಿಯ ತಾರಸಿಯಲ್ಲೂ ಲಿಫ್ಟ್‌ಗಾಗಿ ಬಿಟ್ಟ ಚೌಕಾಕಾರದ ರಂಧ್ರ ತಿಂಗಳುಗಟ್ಟಲೆ ಬಾಯ್ದೆರೆದು ಕುಳಿತಿರುತ್ತದೆ. ಸಂಜೆಯ ಮಬ್ಬಿನಲ್ಲಿ ಬಾಂಡ್ಲಿ ಹೊತ್ತು ಹಿಂದೆ ಸರಿಯುವ ಹೆಣ್ಣಾಳಿಗೆ ಅದು ಕಾಣುವುದಿಲ್ಲ. ಅದರ ಮೇಲೆ ಹಲಗೆ ಮುಚ್ಚುವುದು ರೂಢಿಯ ಪರಿಹಾರ, ಆದರೆ ಆ ಹಲಗೆಯನ್ನು ಬೇರೆ ತಂಡದವರು ತಮ್ಮ ಕೆಲಸಕ್ಕೆ ಎತ್ತಿಕೊಂಡು ಹೋಗುತ್ತಾರೆ. ತಾರಸಿಯ ಕಂಬಿಯ ಜಾಲರಿಯನ್ನೇ ಆ ರಂಧ್ರದ ಅಡ್ಡಲಾಗಿ ಬಿಟ್ಟು, ಲಿಫ್ಟ್ ಕೂರಿಸುವ ದಿನ ಮಾತ್ರ ಕತ್ತರಿಸಬೇಕೆಂದು ಎಂಜಿನಿಯರ್ ನಕ್ಷೆಯಲ್ಲಿ ಬರೆದುಬಿಟ್ಟರೆ ಯಾರೂ ಎತ್ತಿಕೊಂಡು ಹೋಗಲಾಗದ ಮುಚ್ಚಳ ತಾನಾಗಿ ಸಿದ್ಧವಾಗುತ್ತದೆ. ಮೆಟ್ಟಿಲುಗಳನ್ನು ಆಯಾ ಮಹಡಿಯ ಜೊತೆಗೇ ಎರಕ ಹೊಯ್ದರೆ ಏಣಿಯ ಓಡಾಟ ತಪ್ಪುತ್ತದೆ, ತಾರಸಿಯ ಅಂಚಿನ ಕೈಪಿಡಿ ಗೋಡೆಯನ್ನು ಮೊದಲೇ ಎಬ್ಬಿಸಿದರೆ ಮುಂದಿನ ಕೆಲಸವೆಲ್ಲ ಅದರ ಆಸರೆಯಲ್ಲಿ ನಡೆಯುತ್ತದೆ. ಸುರಕ್ಷತಾ ಶಾಸ್ತ್ರದಲ್ಲಿ ನಿಯಂತ್ರಣಗಳ ಶ್ರೇಣಿ ಎಂದು ಕರೆಯುವ ತತ್ವ ಇದೇ ಆಗಿದೆ: ಅಪಾಯವನ್ನೇ ಇಲ್ಲವಾಗಿಸುವುದು ಎಲ್ಲಕ್ಕಿಂತ ಮೇಲು, ಅದು ಆಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಯಿಸುವುದು, ಆಮೇಲೆ ತಡೆ ಮತ್ತು ಕಟಾಂಜನ, ಬಳಿಕ ತರಬೇತಿ ಮತ್ತು ನಿಯಮ, ಕಟ್ಟಕಡೆಗೆ ಹೆಲ್ಮೆಟ್ ಮತ್ತು ಬೆಲ್ಟ್. ನಮ್ಮಲ್ಲಿ ಬಹುಪಾಲು ಸುರಕ್ಷತಾ ಸಪ್ತಾಹಗಳು ಈ ಶ್ರೇಣಿಯ ಕೊನೆಯ ಮೆಟ್ಟಿಲಿನಿಂದ ಆರಂಭವಾಗಿ ಅಲ್ಲೇ ಮುಗಿಯುತ್ತವೆ.

ಹೊಣೆಯ ಎಳೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಾರಸಿಯ ಮೋಲ್ಡ್ ಹಾಕುವ ಕೆಲಸದಲ್ಲಿ ಹತ್ತಿರದಿಂದ ನೋಡಬಹುದು. ಕಬ್ಬಿಣ ಸೇರಿದ ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2,500 ಕಿಲೋ. ಐದು ಅಂಗುಲ ದಪ್ಪದ ಹತ್ತು ಚದರ, ಎಂದರೆ ಸಾವಿರ ಚದರಡಿ ತಾರಸಿಯು ಸುಮಾರು 29 ಟನ್ ತೂಗುತ್ತದೆ. ಹಸಿ ಕಾಂಕ್ರೀಟಿಗೆ ತನ್ನ ಭಾರವನ್ನು ತಾನು ಹೊರುವ ಶಕ್ತಿ ಇರುವುದಿಲ್ಲವಾದ್ದರಿಂದ ಆ ಭಾರವೆಲ್ಲ ಸೆಂಟ್ರಿಂಗ್ ಹಲಗೆ ಅಥವಾ ಶೀಟುಗಳ ಮೂಲಕ ಕೆಳಗಿನ ಊರುಗಂಬಗಳ ಮೇಲೆ ಬೀಳುತ್ತದೆ. ಆ ಕಂಬ ಕಬ್ಬಿಣದ ಜಾಕ್ ಆಗಿರಬಹುದು, ಸರ್ವೆ ಮರದ ಗಳುವಾಗಿರಬಹುದು. ಅದು ನೆಟ್ಟಗೆ ನಿಂತಿದೆಯೇ, ಎರಡು ತುಂಡುಗಳನ್ನು ಸೇರಿಸಿ ಮೊಳೆ ಹೊಡೆದದ್ದೇ, ಕಂಬಗಳ ನಡುವೆ ಓರೆಯಾಗಿ ಅಡ್ಡಪಟ್ಟಿ ಬಿಗಿದಿದ್ದಾರೆಯೇ, ಬುಡದಲ್ಲಿ ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಇಟ್ಟಿಗೆ ಚೂರನ್ನಷ್ಟೇ ಇಟ್ಟಿದ್ದಾರೆಯೇ ಎಂಬ ಪ್ರಶ್ನೆಗಳ ಉತ್ತರದಲ್ಲಿ ಮೇಲೆ ನಿಂತವರ ಜೀವ ಇರುತ್ತದೆ. ರಾತ್ರಿ ಒಂದು ಹದ ಮಳೆಯಾಗಿ ಬುಡದ ಮಣ್ಣು ಮೆತ್ತಗಾದರೆ ಒಂದು ಕಂಬ ಕುಸಿಯುತ್ತದೆ, ಅದರ ಪಾಲಿನ ಭಾರ ಪಕ್ಕದ ಕಂಬಗಳಿಗೆ ಹೋಗುತ್ತದೆ, ಅವು ತಡೆಯದೆ ಇಡೀ ಹಂದರ ಮಗುಚುತ್ತದೆ.

ಕಾಂಕ್ರೀಟ್ ಗಟ್ಟಿಯಾದ ಮೇಲೆ ಊರುಗಂಬ ತೆಗೆಯುವ ದಿನವೂ ಅಷ್ಟೇ ನಿರ್ಣಾಯಕ. ಭಾರತೀಯ ಮಾನಕ ಸಂಸ್ಥೆಯ ಐಎಸ್ 456 ಸಂಹಿತೆಯ 2000ದ ಆವೃತ್ತಿಯ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿ, ಕ್ಯೂರಿಂಗ್ ಸರಿಯಾಗಿ ಮಾಡಿದಾಗ, ಆಧಾರಗಳ ನಡುವಿನ ಅಂತರ 4.5 ಮೀಟರ್‌ವರೆಗಿನ ತಾರಸಿಯ ಊರುಗಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ, 6 ಮೀಟರ್‌ವರೆಗಿನ ತೊಲೆಗಳಿಗೆ 14 ದಿನ, ಅದಕ್ಕಿಂತ ಉದ್ದದ ತೊಲೆಗಳಿಗೆ 21 ದಿನ ಬಿಡಬೇಕು. ಇಂದು ಮನೆಗಳ ನಿರ್ಮಾಣದಲ್ಲಿ ವ್ಯಾಪಕವಾಗಿ ಬಳಕೆಯಾಗುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆರಂಭದ ದಿನಗಳಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ ಈ ಅವಧಿಯನ್ನು ಇನ್ನಷ್ಟು ಹಿಗ್ಗಿಸಬೇಕಾಗುತ್ತದೆ. ಆದರೆ ಜಾಕ್ ಮತ್ತು ಶೀಟುಗಳು ದಿನದ ಬಾಡಿಗೆಗೆ ಬಂದಿರುತ್ತವೆ, ಸೆಂಟ್ರಿಂಗ್ ಗುತ್ತಿಗೆದಾರನಿಗೆ ಅವು ಮುಂದಿನ ಊರಿನ ಕೆಲಸಕ್ಕೆ ಬೇಕಾಗಿರುತ್ತವೆ, ಮಾಲೀಕನಿಗೆ ಗೃಹಪ್ರವೇಶದ ಮುಹೂರ್ತ ನಿಶ್ಚಯವಾಗಿರುತ್ತದೆ. ಹೀಗಾಗಿ ಹತ್ತನೆಯ ದಿನ ತೊಲೆಯ ಕಂಬ ಕಳಚುವಂತೆ ಹೇಳುವ ಮೇಸ್ತ್ರಿ ಒಂಟಿಯಾಗಿ ತಪ್ಪು ಮಾಡುತ್ತಿರುವುದಿಲ್ಲ. ಬಾಡಿಗೆಯನ್ನು ದರದೊಳಗೇ ಅಡಗಿಸಿಟ್ಟ ಗುತ್ತಿಗೆದಾರ, ದರವನ್ನು ಕೊನೆಯ ರೂಪಾಯಿಯವರೆಗೆ ಜಗ್ಗಿದ ಮಾಲೀಕ, ದಿನಾಂಕವನ್ನು ಲಿಖಿತವಾಗಿ ಕೊಡದ ಎಂಜಿನಿಯರ್ ಮೂವರೂ ಆ ತೀರ್ಮಾನದಲ್ಲಿ ಪಾಲುದಾರರು. ಕಂಬದ ಕೆಳಗೆ ಸುತ್ತಿಗೆ ಹಿಡಿದು ನಿಂತಿರುವವನು ಮಾತ್ರ ಅದರಲ್ಲಿ ಪಾಲಿಲ್ಲದ ಮನುಷ್ಯ.

ಹೊಸ ಸಂಪಿನ ಒಳಗೆ ಆಗುವ ಸಾವುಗಳು ಇದಕ್ಕಿಂತಲೂ ಕಡಿಮೆ ಗಮನ ಪಡೆದಿವೆ. ನೀರಿನ ಸಂಪಿಗೋ ಶೌಚದ ಗುಂಡಿಗೋ ಮುಚ್ಚಳದ ಕಾಂಕ್ರೀಟ್ ಹಾಕಿ, ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ ಮಾತ್ರ ಬಿಟ್ಟು, ಕೆಲವು ವಾರಗಳ ನಂತರ ಒಳಗಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ಒಬ್ಬನನ್ನು ಇಳಿಸಲಾಗುತ್ತದೆ. ಅಷ್ಟು ದಿನ ಗಾಳಿಯಾಡದ ಆ ಕತ್ತಲೆ ಕೋಣೆಯಲ್ಲಿ ನೆನೆದ ಮರ ಕೊಳೆಯುತ್ತಾ ಗಾಳಿಯಲ್ಲಿನ ಆಮ್ಲಜನಕವನ್ನು ಕಬಳಿಸಿರುತ್ತದೆ. ಸಹಜವಾಗಿ ಶೇ 21ರಷ್ಟಿರುವ ಆಮ್ಲಜನಕ ಶೇ 10ಕ್ಕಿಂತ ಕೆಳಗಿಳಿದಾಗ ಉಸಿರುಗಟ್ಟಿದ ಅನುಭವವೂ ಆಗದೆ, ಕೂಗಲೂ ಆಗದೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲೆಂದು ಧಾವಿಸಿ ಇಳಿದ ಎರಡನೆಯವನೂ, ಕೆಲವೊಮ್ಮೆ ಮೂರನೆಯವನೂ ಅಲ್ಲೇ ಉಳಿಯುತ್ತಾರೆ. ದೀಪ ಇಳಿಸಿ ನೋಡುವ ಹಳೆಯ ರೂಢಿಯನ್ನು ನಂಬುವಂತಿಲ್ಲ, ಏಕೆಂದರೆ ವಿಷಾನಿಲವನ್ನು ಅದು ತೋರಿಸುವುದಿಲ್ಲ ಮತ್ತು ಉರಿಯುವ ಅನಿಲವಿದ್ದರೆ ಅದೇ ಅಪಾಯ ತರುತ್ತದೆ. ಸಂಪಿಗೆ ಒಂದರ ಬದಲು ಎರಡು ಬಾಯಿಗಳನ್ನು ನಕ್ಷೆಯಲ್ಲೇ ತೋರಿಸುವುದು, ಇಳಿಯುವ ಮೊದಲು ಬ್ಲೋವರ್‌ನಿಂದ ಸಾಕಷ್ಟು ಹೊತ್ತು ಹೊಸ ಗಾಳಿ ತುಂಬಿ ಉಪಕರಣದಿಂದ ಆಮ್ಲಜನಕ ಅಳೆಯುವುದು, ಇಳಿದವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರನ್ನು ಕಾವಲಿರಿಸುವುದು, ಏನೇ ಆದರೂ ಮತ್ತೊಬ್ಬ ಬರಿಗೈಯಲ್ಲಿ ಇಳಿಯದಿರುವುದು ಇವಿಷ್ಟೇ ಆ ಸಾವುಗಳಿಗೂ ಬದುಕಿಗೂ ನಡುವಿನ ಅಂತರ.

ಭಾರತದ ಕಾನೂನು ಈ ಹೊಣೆಯನ್ನು ಹೇಗೆ ಹಂಚಿದೆ ಎಂಬ ಪ್ರಶ್ನೆಗೆ ಉತ್ತರ ಇತ್ತೀಚೆಗೆ ಬದಲಾಗಿದೆ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯು ನಿರಂತರ ಮೇಲ್ವಿಚಾರಣೆಯ ಹೊಣೆಯನ್ನು ಉದ್ಯೋಗದಾತನಿಗೆ ವಹಿಸಿತ್ತು; 50 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಸಮಿತಿ ಇರಬೇಕು ಮತ್ತು ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಉದ್ಯೋಗದಾತನ ಪ್ರತಿನಿಧಿಗಳಿಗಿಂತ ಕಡಿಮೆ ಇರಕೂಡದು ಎಂದು ಅದು ಹೇಳಿತ್ತು. ಆದರೆ ಸುರಕ್ಷತಾ ನಿಯಮ ಮುರಿದವರಿಗೆ ಆ ಕಾಯ್ದೆ ಗೊತ್ತುಪಡಿಸಿದ್ದ ದಂಡದ ಮಿತಿ 2,000 ರೂಪಾಯಿ, ಸೆರೆವಾಸದ ಮಿತಿ ಮೂರು ತಿಂಗಳು. ಕೋಟಿಗಳ ವೆಚ್ಚದ ಕಟ್ಟಡಕ್ಕೆ ಆ ದಂಡ ಲೆಕ್ಕಕ್ಕೇ ಬರುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು ಈ ಕಾಯ್ದೆಯೂ ಸೇರಿ 13 ಕಾನೂನುಗಳ ಸ್ಥಾನದಲ್ಲಿ ನಿಂತಿದೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶ ಅದರಲ್ಲಿದೆ. ಆ ದಂಡದ ಕನಿಷ್ಠ ಅರ್ಧಭಾಗವನ್ನು ಸತ್ತವರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅದರ 9ನೆಯ ಸೆಕ್ಷನ್ ವಾಸ್ತುಶಿಲ್ಪಿ, ಯೋಜನಾ ಎಂಜಿನಿಯರ್ ಮತ್ತು ವಿನ್ಯಾಸಕಾರರನ್ನು ಹೆಸರಿಸಿ, ಕಟ್ಟುವವರ ಸುರಕ್ಷತೆಯನ್ನು ಯೋಜನೆಯ ಹಂತದಲ್ಲೇ ಪರಿಗಣಿಸುವುದು ಅವರ ಕರ್ತವ್ಯವೆಂದು ವಿಧಿಸುತ್ತದೆ. ನಕ್ಷೆ ಕೊಟ್ಟು ಕೈತೊಳೆದುಕೊಳ್ಳುವ ಕಾಲ ಕಾನೂನಿನ ಮಟ್ಟಿಗಾದರೂ ಮುಗಿದಿದೆ ಎಂಬುದು ಸ್ವಾಗತಾರ್ಹ ಸಂಗತಿ.

ಇದೇ ಸಂಹಿತೆಯಲ್ಲಿ ಕಳವಳ ಹುಟ್ಟಿಸುವ ಅಂಶಗಳೂ ಇವೆ. ಸುರಕ್ಷತಾ ಅಧಿಕಾರಿಯನ್ನು ಕಡ್ಡಾಯವಾಗಿ ನೇಮಿಸಬೇಕಾದದ್ದು 250 ಅಥವಾ ಹೆಚ್ಚು ನಿರ್ಮಾಣ ಕಾರ್ಮಿಕರಿರುವಲ್ಲಿ ಮಾತ್ರ. ಹತ್ತಕ್ಕಿಂತ ಕಡಿಮೆ ಕಾರ್ಮಿಕರ ಕೆಲಸವೂ, ಸ್ವಂತ ವಾಸಕ್ಕಾಗಿ 50 ಲಕ್ಷ ರೂಪಾಯಿ ಮೀರದ ವೆಚ್ಚದಲ್ಲಿ ಕಟ್ಟುವ ಮನೆಯೂ ನಿರ್ಮಾಣ ಕೆಲಸವೆಂಬ ವ್ಯಾಖ್ಯೆಯಿಂದಲೇ ಹೊರಗುಳಿದಿವೆ. ಮೇಲೆ ಹೇಳಿದ ಸಂಪು, ಹತ್ತು ಚದರದ ತಾರಸಿ, ಪಕ್ಕದ ಮನೆಯ ಪಾಯಕ್ಕೆ ಅಂಟಿಕೊಂಡು ಅಗೆಯುವ ಗುಂಡಿ, ಬಾಲ್ಕನಿಗೆ ಕೈಗೆಟುಕುವ ವಿದ್ಯುತ್ ತಂತಿಯ ಬಳಿ ಮೇಲೆತ್ತುವ ಕಂಬಿ ಇವು ಬಹುಮಟ್ಟಿಗೆ ಇಂತಹ ಸಣ್ಣ ನಿರ್ಮಾಣಗಳ ಅಪಾಯಗಳೇ. ಪರಿವೀಕ್ಷಕ ಬಾರದ, ಸುರಕ್ಷತಾ ಅಧಿಕಾರಿ ಇಲ್ಲದ ಆ ಜಾಗದಲ್ಲಿ ಕಾರ್ಮಿಕನಿಗೂ ಸಾವಿಗೂ ನಡುವೆ ನಿಲ್ಲಬಲ್ಲವನು ಮನೆ ಕಟ್ಟಿಸುವ ಗೃಹಸ್ಥನೊಬ್ಬನೇ.

ಕಾರ್ಮಿಕನಿಗೆ ಹೊಣೆಯೇ ಇಲ್ಲವೆಂದು ಇದರ ಅರ್ಥವಲ್ಲ. ತನ್ನ ಮತ್ತು ಜೊತೆಯವರ ಸುರಕ್ಷತೆಗೆ ಎಚ್ಚರ ವಹಿಸುವುದು, ಒದಗಿಸಿದ ರಕ್ಷಣಾ ಸಾಧನವನ್ನು ಬಳಸುವುದು, ಅಪಾಯ ಕಂಡರೆ ತಿಳಿಸುವುದು ಸಂಹಿತೆಯ ಪ್ರಕಾರವೂ ಅವನ ಕರ್ತವ್ಯ. ಜೀವಕ್ಕೆ ಸನ್ನಿಹಿತ ಅಪಾಯವಿದೆ ಎನ್ನಿಸಿದರೆ ಉದ್ಯೋಗದಾತನ ಜೊತೆಗೆ ಪರಿವೀಕ್ಷಕನಿಗೂ ಏಕಕಾಲದಲ್ಲಿ ತಿಳಿಸುವ ಹಕ್ಕು ಅವನಿಗಿದೆ. ಆದರೆ ಕೆಲಸ ನಿಲ್ಲಿಸಿ ಅಪಾಯದಿಂದ ಹೊರಬರುವ ಹಕ್ಕನ್ನು 1988ರ ಒಡಂಬಡಿಕೆ ಹೇಳಿದಷ್ಟು ನೇರವಾಗಿ ನಮ್ಮ ಸಂಹಿತೆ ಹೇಳುವುದಿಲ್ಲ. ಹೇಳಿದ್ದರೂ ಆ ಹಕ್ಕನ್ನು ಚಲಾಯಿಸುವವರ ಸ್ಥಿತಿಯನ್ನು ನೋಡಬೇಕು. ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದಲೋ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳದಿಂದಲೋ ಬಂದು, ಮೇಸ್ತ್ರಿಯ ಮುಂಗಡದ ಋಣದಲ್ಲಿದ್ದು, ಕಟ್ಟಡದ ಪಕ್ಕದ ಶೆಡ್ಡಿನಲ್ಲೇ ಮಕ್ಕಳೊಂದಿಗೆ ಬದುಕುವವನು ಸಾರುವೆ ಅಲುಗಾಡುತ್ತಿದೆ, ಹತ್ತುವುದಿಲ್ಲ ಎಂದರೆ ಅಂದಿನ ಕೂಲಿಯ ಜೊತೆಗೆ ತಲೆಯ ಮೇಲಿನ ಸೂರೂ ಹೋಗಬಹುದು. ಅವನ ಭಾಷೆಯಲ್ಲಿ ಎಚ್ಚರಿಕೆ ಹೇಳುವುದು, ಕೆಲಸ ನಿಲ್ಲಿಸಿದ ದಿನದ ಕೂಲಿಯನ್ನು ಕಡಿಯದಿರುವುದು, ದೂರು ಹೇಳಿದವನನ್ನು ಮರುದಿನವೂ ಕೆಲಸಕ್ಕೆ ಕರೆಯುವುದು ಇವು ನಡೆದಾಗ ಮಾತ್ರ ಅವನ ಪಾಲಿನ ಹೊಣೆಯನ್ನು ಅವನಿಂದ ನ್ಯಾಯವಾಗಿ ನಿರೀಕ್ಷಿಸಬಹುದು. ಸ್ಥಳೀಯ ಸಂಸ್ಥೆಗಳ ಹೊಣೆಯೂ ಪರವಾನಗಿಯ ಕಾಗದಕ್ಕೆ ಮುದ್ರೆ ಒತ್ತುವಲ್ಲಿಗೆ ಮುಗಿಯುವುದಿಲ್ಲ. ಅನುಮತಿ ಮೀರಿ ಏಳುವ ಮಹಡಿ ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ಕಾಣುವಾಗ ಅಧಿಕಾರಿಗೆ ಕಾಣಲಿಲ್ಲ ಎಂಬ ಉತ್ತರವನ್ನು ಒಪ್ಪಲಾಗದು.

ಮನೆ ಕಟ್ಟಿಸಲು ಹೊರಟವರು ಗುತ್ತಿಗೆದಾರನೊಂದಿಗೆ ಚದರಕ್ಕೆ ಇಷ್ಟು ಎಂಬ ದರ ಮಾತಾಡುವಾಗ ಸುರಕ್ಷತೆಯ ವೆಚ್ಚವನ್ನು ಆ ದರದಿಂದ ಹೊರತೆಗೆದು, ಪ್ರತ್ಯೇಕವಾಗಿ ಬರೆಸಿ, ಚೌಕಾಸಿ ಮಾಡದೆ ಕೊಡಬೇಕು. ಸಾರುವೆಗೆ ಕಟಾಂಜನ ಮತ್ತು ಬಲೆ, ಎತ್ತರದ ಕೆಲಸಕ್ಕೆ ಬೆಲ್ಟು, ಊರುಗಂಬ ತೆಗೆಯುವ ದಿನಾಂಕಕ್ಕೆ ಎಂಜಿನಿಯರ್ ಸಹಿ, ಸಂಪಿಗೆ ಇಳಿಯುವ ಮೊದಲು ಬ್ಲೋವರ್, ಕೆಲಸ ಮಾಡುವ ಪ್ರತಿಯೊಬ್ಬರ ಹೆಸರಿಗೂ ಅಪಘಾತ ವಿಮೆ ಇವಿಷ್ಟನ್ನು ಕರಾರಿನಲ್ಲಿ ಸೇರಿಸಲು ಯಾವ ಕಾನೂನಿನ ಒತ್ತಾಯವೂ ಬೇಕಾಗಿಲ್ಲ. ಅದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.